ಏಳು ಮನೆಗಳ ಯಜಮಾನಿಕೆ

ನಮ್ಮ ದೊಡ್ಡಮ್ಮನ ಮಗನಿಗೆ ತಾನು ಯಾವ ವಾರ್ಡಿನಲ್ಲಿದ್ದೇನೆ ಎಂಬುದೇ ಗೊತ್ತಿಲ್ಲ. ಆದರೂ ಆ ವಾರ್ಡಿನ ಒಂದು ಮೂಲೆಯನ್ನು ಆಳುತ್ತಿರುವವನು ಅವನೇ!

ಆಳುವುದೆಂದರೆ ಏನೋ ದೊಡ್ಡದು ಎಂದುಕೊಳ್ಳಬೇಡಿ. ಅಣ್ಣ ನಗೋಯಾದಿಂದ ಒಂದು ಗಂಟೆ ದೂರದ ಊರಿನಲ್ಲಿ, ಕಾರಿನ ಬ್ರೇಕು ತಯಾರಿಸುವ ಕಾರ್ಖಾನೆಯಲ್ಲಿ ಕ್ವಾಲಿಟಿ ಇಂಜಿನಿಯರು. ಜಪಾನಿನಲ್ಲಿ ಬಡಾವಣೆಗೊಂದು ನಿವಾಸಿಗಳ ಸಂಘ, ಅದರೊಳಗೆ ಆರೇಳು ಮನೆಗಳ ಪುಟ್ಟ ಗುಂಪುಗಳು, ಗುಂಪಿಗೊಬ್ಬ ಮುಖ್ಯಸ್ಥ. ಸರದಿಯ ಮೇಲೆ ಬರುವ ಈ ಕೆಲಸವನ್ನು ಎಲ್ಲರೂ ಹಲ್ಲುಕಚ್ಚಿಕೊಂಡು ಒಂದು ವರ್ಷ ಮಾಡಿ ಕೈತೊಳೆದುಕೊಳ್ಳುತ್ತಾರೆ. ಅಣ್ಣ ಮಾತ್ರ ಮೂರನೆಯ ವರ್ಷವೂ ತಾನೇ ಮಾಡುತ್ತೇನೆಂದ. ಉಳಿದ ಆರು ಮನೆಯವರು ಬೇಡವೆನ್ನುತ್ತಾರೆಯೇ? ಬೆಂಗಳೂರಿನಲ್ಲಿದ್ದಾಗ ತನ್ನ ಕಾರ್ಪೊರೇಟರು ಗಂಡೋ ಹೆಣ್ಣೋ ಎಂದು ತಿಳಿಯದಿದ್ದ ಮಹಾನುಭಾವ ಇವನು!

ಮುಖ್ಯಸ್ಥನ ದೊಡ್ಡ ಕೆಲಸವೆಂದರೆ ಹಲಗೆ. ಪಾಲಿಕೆಯ ಸೂಚನೆಗಳನ್ನು ಕ್ಲಿಪ್ಪಿಗೆ ಸಿಕ್ಕಿಸಿದ ಒಂದು ಹಲಗೆ ಮನೆಯಿಂದ ಮನೆಗೆ ಹೋಗುತ್ತದೆ. ಓದಿ, ಹೆಸರಿನ ಮುಂದೆ ಪುಟ್ಟ ಮೊಹರು ಒತ್ತಿ, ಪಕ್ಕದ ಮನೆಗೆ ದಾಟಿಸಬೇಕು. ಮೊದಲ ಸಲ ಅದು ಬಂದಾಗ ಅಣ್ಣ ಅದನ್ನು ಸರ್ಕಾರಿ ಫೈಲು ಎಂದುಕೊಂಡ. ಒಂಬತ್ತು ದಿನ ಇಟ್ಟುಕೊಂಡು, ಫೋನಿನಲ್ಲಿ ಅನುವಾದಿಸಿ ಓದಿ, ಅಂಚಿನಲ್ಲಿ ಇಂಗ್ಲಿಷಿನಲ್ಲಿ ಷರಾ ಬರೆದ: 'ಗಮನಿಸಲಾಗಿದೆ. ಚರಂಡಿ ಕೆಲಸ ಶೀಘ್ರ ಕೈಗೊಳ್ಳುವುದು.' ಕೆಳಗೆ ಸಹಿ, ದಿನಾಂಕ! ಚರಂಡಿ ತೊಳೆಯುವವರು ನಿವಾಸಿಗಳೇ, ಅದಕ್ಕೆ ಗೊತ್ತುಮಾಡಿದ್ದ ಭಾನುವಾರ ಆಗಲೇ ಕಳೆದುಹೋಗಿದೆ ಎಂಬುದು ಅವನಿಗೆ ಆಮೇಲೆ ತಿಳಿಯಿತು. ಪಕ್ಕದ ಮನೆಯ ಮೊರಿ ಅಜ್ಜಿ ಆ ಷರಾವನ್ನು ಬಹಳ ಹೊತ್ತು ನೋಡಿ, ಅದರ ಪಕ್ಕದಲ್ಲೇ ತಮ್ಮ ಮೊಹರು ಒತ್ತಿದರಂತೆ.

ಅಷ್ಟಕ್ಕೆ ನಿಂತಿತೇ? ಬರಿಗೈಯಲ್ಲಿ ಇನ್ನೊಬ್ಬರ ಮನೆಗೆ ಹೋಗುವುದು ಹೇಗೆಂದು ಹಲಗೆಯ ಜೊತೆ ಒಂದು ಡಬ್ಬಿ ಕೋಡುಬಳೆ ಕಳಿಸಿದ. ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದೆಂದು ಅಜ್ಜಿ ಮೂಲಂಗಿ ಉಪ್ಪಿನಕಾಯಿ ಹಾಕಿದರು. ಅದಕ್ಕೆ ಉತ್ತರವಾಗಿ ಚಿತ್ರಾನ್ನ. ಹೀಗೆ ಏಳು ಮನೆ ಸುತ್ತಿ ಬರಲು ಹಲಗೆಗೆ ಮೂರು ವಾರ ಹಿಡಿಯತೊಡಗಿತು.

ಇಷ್ಟರಲ್ಲಿ ಪಾಲಿಕೆಯವರು ವಾರ್ಡುಗಳನ್ನು ಒಟ್ಟುಗೂಡಿಸಿದರು. ಜನ ಕಡಿಮೆಯಾದರು, ಕಚೇರಿಗಳು ಹೆಚ್ಚಾದವು, ಸೇರಿಸೋಣ ಎಂಬ ಲೆಕ್ಕಾಚಾರ. ಅಣ್ಣ ಕೂತ ಕುರ್ಚಿಯಿಂದ ಏಳದೆಯೇ ಅವನ ವಿಳಾಸ ಬದಲಾಯಿತು. ಅದೇ ಕಾಲಕ್ಕೆ ಬೆಂಗಳೂರನ್ನು ಐದು ಪಾಲಿಕೆಗಳಾಗಿ ಒಡೆದರು, ಅಲ್ಲಿಯ ಅವನ ಫ್ಲ್ಯಾಟು ಯಾವುದಕ್ಕೆ ಸೇರಿತೋ ಅದೂ ತಿಳಿಯದು. ಇದೇ ಜಪಾನಿನ ಇಚಿಕಾವಾ ಎಂಬ ಊರಿನಲ್ಲಿರುವ ನನಗೆ ಫೋನು ಬಂತು.

"ಅಲ್ಲಿ ಒಡೀತಾರೆ, ಇಲ್ಲಿ ಸೇರಿಸ್ತಾರೆ. ಈಗ ನಾನು ಎಕ್ಸಾಕ್ಟ್ಲಿ ಎಲ್ಲಿದೀನಿ ಕಣೇ?"

"ಮನೇಲಿ ಇದೀಯಲ್ಲ ಅಣ್ಣ, ಸಾಕು ಬಿಡು."

ಅವನು ಬಿಡುವವನಲ್ಲ. ಪಾಸ್‌ಪೋರ್ಟು, ಕರೆಂಟು ಬಿಲ್ಲು, ಎರಡು ಫೋಟೊ, ಎಲ್ಲದರ ಮೂರು ಮೂರು ಜೆರಾಕ್ಸು, ಪ್ರತಿ ಹಾಳೆಯ ಮೇಲೂ ಸಹಿ. ಇಷ್ಟನ್ನು ಹೊತ್ತು ಹಳೆಯ ವಾರ್ಡು ಕಚೇರಿಗೆ ಹೋದ. ಕೌಂಟರಿನ ಹುಡುಗಿ ತಲೆಬಾಗಿ, "ಸುಮಿಮಾಸೆನ್, ಕ್ಷಮಿಸಿ, ವಿಳಾಸವನ್ನು ನಾವೇ ಬದಲಾಯಿಸಿದ್ದೇವೆ, ತಾವು ಏನೂ ಕೊಡಬೇಕಾಗಿಲ್ಲ," ಎಂದಳು. ಏನೂ ಕೊಡಬೇಕಾಗಿಲ್ಲ! ಇಂಥ ಉತ್ತರವನ್ನು ನಂಬುವುದುಂಟೇ? ಫೋನಿನಲ್ಲಿ ದುಭಾಷಿಯಾಗಿದ್ದ ನಾನು ಅದನ್ನೇ ನಾಲ್ಕು ಸಲ ಕನ್ನಡದಲ್ಲಿ ಹೇಳಿದೆ. ಕೊನೆಗೆ ಆ ಹುಡುಗಿ ಪಾಪ, ಒಂದು ಸೆಟ್ ಜೆರಾಕ್ಸನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅಣ್ಣ ಸಮಾಧಾನವಾಗಿ ಮನೆಗೆ ಹೋದ.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ದೊಡ್ಡವರನ್ನು ನೋಡಿ ಬಡಾವಣೆಯ ಸಂಘವೂ ಸಣ್ಣ ಗುಂಪುಗಳನ್ನು ಸೇರಿಸಲು ಹೊರಟಿತು. ಅಣ್ಣನ ಏಳು ಮನೆಗಳು ಗುಡ್ಡದಾಚೆಯ ಗುಂಪಿನಲ್ಲಿ ಕರಗಬೇಕು, ಹಲಗೆ ನಿಲ್ಲಬೇಕು, ಸೂಚನೆಗಳೆಲ್ಲ ಫೋನಿಗೆ ಬರಬೇಕು. ಭಾನುವಾರ ಸಭೆ, ಮನೆಗೊಂದು ಓಟು.

"ಒಳ್ಳೇದೇ ಆಯ್ತಲ್ಲ ಅಣ್ಣ, ಕೆಲಸ ಕಡಿಮೆ," ಎಂದೆ.

"ಬೋರ್ಡ್ ನಿಂತ್ರೆ ನನ್ ಮನೆ ಬೆಲ್ ಯಾರು ಹೊಡೀತಾರೆ?"

ಅತ್ತಿಗೆ ಮಗಳ ಓದಿಗೆಂದು ಮೈಸೂರಿಗೆ ಹೋಗಿ ಮೂರು ವರ್ಷವಾಗಿತ್ತು. ಮುಖ್ಯಸ್ಥನ ಕೆಲಸಕ್ಕೆ ಇವನು ಅಂಟಿಕೊಂಡು ಕೂತದ್ದೂ ಮೂರೇ ವರ್ಷ. ನನಗೆ ಅದು ಆವತ್ತು ಹೊಳೆಯಿತು, ನಾಚಿಕೆಯಾಯಿತು. ಶನಿವಾರವೇ ರೈಲು ಹತ್ತಿದೆ.

ಹೋಗಿ ನೋಡಿದರೆ ಅಣ್ಣ ಸಪ್ಪಗೆ ಕೂತಿದ್ದ. ಮೇಜಿನ ಮೇಲೆ ಆರು ಲಕೋಟೆಗಳು. ಸಭೆಗೆ ಬರಲಾಗದವರು ತಮ್ಮ ಓಟನ್ನು ಬೇರೆಯವರಿಗೆ ಒಪ್ಪಿಸಿ ಬರೆದುಕೊಡುವ ಪದ್ಧತಿ ಇಲ್ಲಿದೆ. ಯಾರ ಹೆಸರನ್ನೂ ಬರೆಯದಿದ್ದರೆ ಓಟು ಸಂಘದ ಅಧ್ಯಕ್ಷರಿಗೆ. ಅವುಗಳನ್ನು ಕೂಡಿಸಿ ತರುವುದು ಗುಂಪಿನ ಮುಖ್ಯಸ್ಥನೇ.

"ಆರಕ್ಕೆ ಆರು ಮನೆಯವರೂ ಕವರ್ ಕೊಟ್ಟುಬಿಟ್ರು ಕಣೇ. ಮೊರಿ ಅಜ್ಜಿ ಕೂಡ. ಬರ್ತೀನಿ ಅಂತ ಒಬ್ರೂ ಹೇಳಲಿಲ್ಲ. ಎಲ್ಲಾ ಅಧ್ಯಕ್ಷರ ಕಡೆ. ಇಷ್ಟು ಕೋಡುಬಳೆ ತಿಂದು!"

ಆ ಅಜ್ಜಿಗೆ ಮಂಡಿ ನೋವು, ಸಭಾಭವನ ಗುಡ್ಡದ ಮೇಲೆ, ಎಂದು ನಾನು ಸಮಾಧಾನ ಹೇಳಿದೆ. ಕೇಳಲಿಲ್ಲ. ಅಂಟಿಸಿದ ಲಕೋಟೆಯನ್ನು ಒಡೆದು ನೋಡುವುದು ಅವನ ಜಾಯಮಾನವೂ ಅಲ್ಲ.

ಭಾನುವಾರ ಬೆಳಿಗ್ಗೆ ಸಭಾಭವನದ ಬಾಗಿಲಲ್ಲಿ ಅಧ್ಯಕ್ಷರಾದ ಒನೋ-ಸಾನ್ ಲಕೋಟೆಗಳನ್ನು ಒಂದೊಂದಾಗಿ ಬಿಡಿಸಿದರು. ಮೊದಲನೆಯದನ್ನು ಓದಿ ಅಣ್ಣನ ಮುಖ ನೋಡಿದರು. ಎರಡನೆಯದನ್ನು ಓದಿ ಮತ್ತೆ ನೋಡಿದರು. ಆಮೇಲೆ ಆರೂ ಹಾಳೆಗಳನ್ನು ನಮ್ಮ ಕಡೆ ತಿರುಗಿಸಿ ಸಾಲಾಗಿ ಜೋಡಿಸಿದರು. ಸಾಮಾನ್ಯವಾಗಿ ಎಲ್ಲರೂ ಖಾಲಿ ಬಿಡುವ ಜಾಗದಲ್ಲಿ ಆರರಲ್ಲೂ ಅಣ್ಣನ ಹೆಸರು. ಒಂದರಲ್ಲಿ ಒಂದು ಅಕ್ಷರ ಹೆಚ್ಚು, ಇನ್ನೊಂದರಲ್ಲಿ ಎರಡು ಕಡಿಮೆ. ಮೊರಿ ಅಜ್ಜಿಯ ಅಕ್ಷರಗಳು ಗೆರೆಯಿಂದಾಚೆಗೆ ಹೋಗಿದ್ದವು. ಪ್ರತಿಯೊಂದರ ಪಕ್ಕದಲ್ಲೂ ಕೆಂಪು ಮೊಹರು.

ಊರಿನ ಯಾವ ಚುನಾವಣೆಯಲ್ಲೂ ಓಟಿಲ್ಲದ ಪರದೇಶದವನಿಗೆ ಅವರು ತಮ್ಮ ಓಟುಗಳನ್ನೆಲ್ಲ ಕೊಟ್ಟುಬಿಟ್ಟಿದ್ದರು. ಅಣ್ಣ ತನ್ನ ಹೆಸರನ್ನು ಒಂದೊಂದಾಗಿ ಓದಿದ. "ಅರಿಗಾತೋ," ಎಂದ, ಆ ಧನ್ಯವಾದ ಯಾರಿಗೆಂದು ಗೊತ್ತಾಗಲಿಲ್ಲ.

ಸೋತೆವು, ಅದರಲ್ಲಿ ಅನುಮಾನವೇ ಇರಲಿಲ್ಲ. ವಿರೋಧವಿದ್ದವರು ಕೈಯೆತ್ತಿ ಎಂದಾಗ ಇಡೀ ಭವನದಲ್ಲಿ ಎದ್ದದ್ದು ಒಂದೇ ಕೈ. "ಏಳು," ಎಂದು ಒನೋ-ಸಾನ್ ಗಂಭೀರವಾಗಿ ಎಣಿಸಿ ಬರೆದುಕೊಂಡರು. ಇನ್ನು ಇಳಿಸಬಹುದು ಎಂದು ಎರಡು ಸಲ ಮೆಲ್ಲಗೆ ಹೇಳಿದರು. ಅಣ್ಣ ಇಳಿಸಲಿಲ್ಲ. ಮೂರನೆಯ ಸಲ ಅವರು ಹೇಳಲಿಲ್ಲ, ನಾನೂ ಅವನ ತೋಳು ಹಿಡಿದು ಇಳಿಸಲು ಹೋಗಲಿಲ್ಲ.