ಎಂಟನೇ ನಂಬರಿನ ಕಪ್ಪು ಶೂ

ಬೆಳಿಗ್ಗೆ ಟೈಲರ್ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಸಂಗೀತ ತಂಡದ ಯಜಮಾನರು ಎದುರಿಗೇ ನಿಂತಿದ್ದರು. ಕೋಟಿನ ಅಳತೆಗೆ ಬಂದಿರಬೇಕು ಅಂದುಕೊಂಡು ಟೈಲರ್ ಕೊರಳಿಗೆ ಟೇಪು ಹಾಕಿಕೊಂಡ. ಯಜಮಾನರು ಟೇಪು ನೋಡಲಿಲ್ಲ, ಅವನ ಬರಿಗಾಲು ನೋಡಿದರು.

"ಸಂಜೆ ಆರಕ್ಕೆ ಪ್ರೋಗ್ರಾಂ. ನಮ್ಮ ಹಾರ್ಮೋನಿಯಂನವರಿಗೆ ಸೊಂಟ ಹಿಡ್ಕೊಂಡಿದೆ, ಇನ್ಮೇಲೆ ಬರೋದೇ ಇಲ್ಲ ಅಂದ್ಬಿಟ್ರು. ಇವತ್ತು ನೀವು ಕೂತ್ಕೊಳ್ಳಿ. ಚೆನ್ನಾಗಾದ್ರೆ ಆ ಜಾಗ ನಿಮ್ದೇ, ಖಾಯಂ."

ಟೈಲರ್ ಕೊರಳಿನ ಟೇಪು ತೆಗೆದು ಪಕ್ಕಕ್ಕಿಟ್ಟ. ಹನ್ನೊಂದು ವರ್ಷದಿಂದ ಆ ತಂಡದ ಕೋಟು ಹೊಲಿಯುತ್ತ ಬಂದವನು ಅವನೇ. ರಿಹರ್ಸಲ್ಲಿಗೆ ಹಾರ್ಮೋನಿಯಂನವರು ಬರದಿದ್ದರೆ ಅವರ ಪೆಟ್ಟಿಗೆ ನುಡಿಸುವವನೂ ಅವನೇ. ಪ್ರೋಗ್ರಾಮಿನ ದಿನ ಮಾತ್ರ, "ಗುಂಡಿ ಕಿತ್ತೋದ್ರೆ ಬೇಕಾಗುತ್ತೆ, ಸೂಜಿ ದಾರ ಇಟ್ಕೊಂಡು ಪಕ್ಕದಲ್ಲಿರಿ" ಅನ್ನುತ್ತಿದ್ದರು. ಒಂದೇ ಒಂದು ಸಲ ಜನ ತನ್ನನ್ನು ಹಾರ್ಮೋನಿಯಂನವನು ಅನ್ನಲಿ ಎಂಬುದು ಅವನ ಆಸೆ.

"ನಿಮ್ಮ ಅಳಿಯಂದಿರು ನುಡಿಸ್ತೀನಿ ಅಂತಿದ್ರಲ್ಲ ಸಾರ್?"

"ಅವನ ಬೆರಳು ಪರವಾಗಿಲ್ಲ, ಕಾಲೇ ದರಿದ್ರ. ಶೂ ಹಾಕ್ಕೊಂಡು ಪೆಡಲ್ ತುಳಿದ್ರೆ ಜಾರುತ್ತೆ, ಪೆಟ್ಟಿಗೆ ದಮ್ಮು ಬಂದೋರ ಥರ ಏದುಸಿರು ಬಿಡುತ್ತೆ. ಅಂದ ಹಾಗೆ ಕಪ್ಪು ಶೂ ಕಡ್ಡಾಯ. ಬರಿಗಾಲಲ್ಲಿ ಸ್ಟೇಜ್ ಹತ್ತಿದ್ರೆ ನಾನೇ ಕೈ ಹಿಡಿದು ಇಳಿಸ್ತೀನಿ."

ಅಲ್ಲೇ ಬಂತು ಗ್ರಹಚಾರ. ಕಾಲಲ್ಲಿ ಗಾಳಿ ತುಳಿದು ನುಡಿಸುವ ಆ ದೊಡ್ಡ ಹಾರ್ಮೋನಿಯಂ ಟೈಲರನ ಪಾಲಿಗೆ ಹೊಲಿಗೆ ಮೆಷಿನ್ನಿನ ಅಣ್ಣನಿದ್ದ ಹಾಗೆ. ಇಡೀ ದಿನ ಬರಿಗಾಲಲ್ಲಿ ಮೆಷಿನ್ ತುಳಿದು ಪಳಗಿದ ಪಾದ ಅವನದು. ಎಷ್ಟು ಒತ್ತಬೇಕು ಎಂಬುದು ಹೆಬ್ಬೆರಳಿಗೆ ಗೊತ್ತಿತ್ತೇ ಹೊರತು ತಲೆಗೆ ಗೊತ್ತಿರಲಿಲ್ಲ.

ಅಂಗಡಿಯ ಹಿಂದೆಯೇ ಮನೆ. ಹೆಂಡತಿ ಅಟ್ಟದಿಂದ ಅವನ ಮದುವೆಯ ಶೂ ಇಳಿಸಿಕೊಟ್ಟಳು. ಕಪ್ಪು, ಎಂಟನೇ ನಂಬರು, ಒಂದೇ ದಿನ ಹಾಕಿದ್ದು. ಹಾಕಿಕೊಂಡು ಹೊಲಿಗೆ ಮೆಷಿನ್ ಮೇಲೆ ಪ್ರಾಕ್ಟೀಸ್ ಮಾಡಿದ. ಕಾಲು ಜಾರಿ ಮೆಷಿನ್ ಓಡಿತು, ಯಾರದೋ ಷರಟಿನ ತೋಳು ಅದರದೇ ಜೇಬಿಗೆ ಹೊಲಿದುಹೋಯಿತು.

ಸದ್ದು ಕೇಳಿ ಬಲಗಡೆ ಅಂಗಡಿಯ ಕ್ಷೌರಿಕ ಬಂದ. "ನನ್ನ ಶೂ ತಗೊಳ್ಳಿ. ರಬ್ಬರ್ ತಳ, ಜಾರಲ್ಲ."

"ಆರನೇ ನಂಬರಲ್ವಾ ಇದು?"

"ಮೊದಲ ಅರ್ಧ ಗಂಟೆ ನೋವು. ಆಮೇಲೆ ಕಾಲಿದೆ ಅನ್ನೋದೇ ಗೊತ್ತಾಗಲ್ಲ."

ನಿಜವಾಗಿಯೂ ಗೊತ್ತಾಗಲಿಲ್ಲ. ಇಬ್ಬರು ಹಿಡಿದೆಳೆದ ಮೇಲೆ ಶೂ ಬಿಟ್ಟುಕೊಂಡಿತು.

ಎಡಗಡೆ ಅಂಗಡಿಯ ಇಸ್ತ್ರಿಯವನಿಗೆ ಇದೆಲ್ಲ ನೋಡಿ ಸುಮ್ಮನಿರಲು ಆಗಲಿಲ್ಲ. "ಕ್ಷೌರದವನ ಮಾತು ಕೇಳ್ತೀರಲ್ರೀ! ತಳಕ್ಕೆ ಸ್ವಲ್ಪ ಅಂಟು ಬಳೀರಿ, ನಿಮ್ಮ ಶೂನೇ ಹಿಡಿಯುತ್ತೆ." ಬಳಿದದ್ದೂ ಅವನೇ. ಹಿಡಿಯಿತು. ಟೈಲರ್ ಎದ್ದಾಗ ಕಾಲು ಬಂತು, ಶೂ ಪೆಡಲ್ಲಿನ ಮೇಲೇ ಉಳಿಯಿತು. ಕಿತ್ತು ತೆಗೆಯುವಷ್ಟರಲ್ಲಿ ಗಂಟೆ ನಾಲ್ಕಾಯಿತು.

"ಹೋಗ್ರೋ ಇಬ್ರೂ!" ಎಂದು ಗದರಿ ಅವರನ್ನು ಅಟ್ಟಿ ಅವನು ತಲೆ ಮೇಲೆ ಕೈ ಹೊತ್ತು ಕೂತ. ಹೆಂಡತಿ ಕಾಫಿ ತಂದಿಟ್ಟಳು.

"ಒಳಗೆ ಬರಿಗಾಲಿರಬೇಕು, ಹೊರಗೆ ಶೂ ಕಾಣಬೇಕು. ಅಷ್ಟೇ ತಾನೇ? ನೀವು ಟೈಲರ್ ಅಲ್ವೇನ್ರೀ?"

ಟೈಲರ್ ಕಾಫಿ ಪಕ್ಕಕ್ಕೆ ಸರಿಸಿದ. ಆಮೇಲೆ ದೊಡ್ಡ ಕತ್ತರಿ ಎತ್ತಿಕೊಂಡು ಶೂ ತಿರುಗಿಸಿ, ಹಿಮ್ಮಡಿಯ ತುಂಡು ಮಾತ್ರ ಬಿಟ್ಟು, ಮಿಕ್ಕ ತಳವನ್ನೆಲ್ಲ ಕರಕರ ಕತ್ತರಿಸಿ ತೆಗೆದ.

"ಅಯ್ಯಯ್ಯೋ! ಮದುವೆ ಶೂ ಕಣ್ರೀ ಅದು!"

"ನೀನೇ ಅಲ್ವೇನೇ ಹೇಳಿದ್ದು?"

"ಪ್ಯಾಂಟು ಉದ್ದ ಮಾಡ್ಕೊಳ್ಳಿ, ಕಾಲು ಮುಚ್ಚುತ್ತೆ ಅನ್ನೋಕೆ ಬಂದ್ರೆ!"

ಇನ್ನು ಮಾತಾಡಿ ಪ್ರಯೋಜನವಿರಲಿಲ್ಲ. ತಳವಿದ್ದ ಕಡೆ ಅಡ್ಡಕ್ಕೆ ಎರಡು ಬೆರಳಗಲದ ಎಲಾಸ್ಟಿಕ್ ಪಟ್ಟಿ ಕೊಟ್ಟು ಹೊಲಿದ. ಮೇಲಿನಿಂದ ನೋಡಿದರೆ ಫಳಫಳ ಶೂ, ಕೆಳಗೆ ಅವನದೇ ಪಾದ. ನಡೆದರೆ ಟಕ್ ಟಕ್ ಸದ್ದೂ ಬರುತ್ತಿತ್ತು.

ಸಂಜೆ ಅವನು ನುಡಿಸಿದ್ದನ್ನು ಕೇಳಬೇಕಿತ್ತು. ಪಾದಕ್ಕೆ ಪೆಡಲ್ ತಾಗಿದ್ದೇ ತಡ, ಕಾಲು ತಾನಾಗಿಯೇ ಓಡಿತು. ಹಾರ್ಮೋನಿಯಂ ಒಂದು ಸಲವೂ ಏದುಸಿರು ಬಿಡಲಿಲ್ಲ. ಕೊನೆಗೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ಮುಂದಿನ ಸಾಲಿನಿಂದ ಯಾರೋ "ಶಭಾಷ್, ಹಾರ್ಮೋನಿಯಂನವರೇ!" ಎಂದು ಕೂಗಿದರು. ಟೈಲರನ ಕಣ್ಣು ತುಂಬಿ ಬಂತು. ಆ ಖುಷಿಯಲ್ಲಿ ಜೋರಾಗಿ ಬಗ್ಗಿ ನಮಸ್ಕಾರ ಮಾಡಿದ. ಎಡಗಾಲಿನ ಎಲಾಸ್ಟಿಕ್ ಪಟ್ ಎಂದು ಹರಿಯಿತು, ಶೂ ಕಣಕಾಲಿಗೆ ಏರಿತು, ಐದು ಬೆರಳೂ ಹೊರಗೆ ಬಂದವು.

ಪರದೆ ಬಿದ್ದ ಮೇಲೆ ಯಜಮಾನರು ಬಂದರು. "ಬಿಚ್ಚಿ."

ಬಿಚ್ಚಿ ಕೊಟ್ಟ. ಅವರು ಶೂ ತಿರುಗಿಸಿ ನೋಡಿದರು, ಒಳಗೆ ಕೈ ಹಾಕಿದರು, ಕೈ ಆಚೆ ಕಡೆ ಬಂತು. ಮುಗೀತು ನನ್ನ ಕತೆ ಅಂದುಕೊಂಡ ಟೈಲರ್.

"ಅಬ್ಬಬ್ಬಾ, ಏನು ತಲೆ ರೀ ನಿಮ್ದು!" ಯಜಮಾನರ ಮುಖ ಅರಳಿತು. "ಅಳಿಯಂದಿರೇ, ಬನ್ನಿ ಇಲ್ಲಿ! ನಿಮ್ಮ ಕಾಲು ಎಷ್ಟು ನಂಬರು?"

"ಎಂಟು, ಮಾವ."

ಟೈಲರ್ ಅಲ್ಲೇ ಕೂತು ಹರಿದ ಪಟ್ಟಿ ಹೊಲಿದುಕೊಡಬೇಕಾಯಿತು. ಅಳಿಯ ಶೂ ಹಾಕಿಕೊಂಡು ಪೆಡಲ್ ತುಳಿದ. ಕಾಲು ಜಾರಲಿಲ್ಲ, ಪೆಟ್ಟಿಗೆ ಏದುಸಿರು ಬಿಡಲಿಲ್ಲ.

"ನೋಡಿದ್ರಾ? ಇವರಿಗೆ ಕೊರತೆ ಇದ್ದಿದ್ದು ಇದೊಂದೇ!"

"ಸಾರ್, ನುಡಿಸಿದ್ದು ನಾನು..."

"ಚೆನ್ನಾಗೇ ನುಡಿಸಿದ್ರಿ. ಇಂಥ ಶೂ ಇದ್ರೆ ಯಾರು ತಾನೇ ನುಡಿಸಲ್ಲ ಹೇಳಿ? ಮುಂದಿನ ವಾರವೂ ನೀವು ಬರ್ಲೇಬೇಕು. ಎಲಾಸ್ಟಿಕ್ ಕಿತ್ತೋದ್ರೆ ಕಷ್ಟ. ಸೂಜಿ ದಾರ ಇಟ್ಕೊಂಡು ಪಕ್ಕದಲ್ಲಿರಿ."

ಟೈಲರ್ ಬರಿಗಾಲಲ್ಲಿ ಮನೆಗೆ ನಡೆದ. ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ಅವಳೂ ಮೊದಲು ನೋಡಿದ್ದು ಕಾಲನ್ನೇ.

"ಶೂ ಎಲ್ರೀ?"

"ಅವಕ್ಕೆ ಕೆಲಸ ಖಾಯಂ ಆಯ್ತು ಕಣೇ" ಅಂದ ಟೈಲರ್.