ಆರಕ್ಕೇ ಸೂರ್ಯನನ್ನು ಮುಳುಗಿಸುವ ಕಂಪೈಲರ್ ಅವರಿಗೆ

ಮಾನ್ಯ ಕಂಪೈಲರ್ ಮಹೋದಯರೇ,

ಇಚಲಕರಂಜಿಯಿಂದ ಸಮ್ಮೇದನ ಸವಿನಯ ನಮಸ್ಕಾರ. ನಮ್ಮ ಭಾವುಸಾಹೇಬ ಕಾಕಾ ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದ ಹೊಸತರಲ್ಲಿ, ಪೇಟೆಯಲ್ಲೇ ಅಗ್ಗದವರೆಂಬ ಏಕೈಕ ಅರ್ಹತೆಯ ಮೇಲೆ ತಮ್ಮನ್ನು ಒಂದು ಫ್ಲಾಪಿಯಲ್ಲಿ ಮನೆಗೆ ಕರೆತಂದರು. ದುಬಾರಿ ಕಂಪೈಲರುಗಳೆಲ್ಲ ಕಾಲವಾದರೂ ತಾವು ಅದೇ ಹಳದಿಗಟ್ಟಿದ ಯಂತ್ರದಲ್ಲಿ ಕ್ಷೇಮವಾಗಿದ್ದು, ನಾವು ಬರೆದುಕೊಟ್ಟ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸಿಕೊಡುತ್ತಿರುವುದು ಸಂತೋಷದ ಸಂಗತಿ.

ಹತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟ ನನಗೆ ಕಾಕಾ ಹೇಳಿದ್ದಿಷ್ಟು: “ಇದರಾಗ ಮನಿಗೆ ಉಪಯೋಗ ಆಗೂ ಪ್ರೋಗ್ರಾಮ್ ಒಂದ ಬರದ ತೋರಸು, ಅಂಗಡ್ಯಾಗ ಕುಂಡರಸ್ತೇನಿ.” ಸೂರ್ಯ ಮುಳುಗಿದ ಮೇಲೆ ಉಣ್ಣದ ಜೈನರ ಮನೆ ನಮ್ಮದು. ಆದ್ದರಿಂದ ದಿನದಿನದ ಸೂರ್ಯಾಸ್ತ ಹೇಳುವ ಪ್ರೋಗ್ರಾಮ್ ಬರೆದೆ. ಸೂರ್ಯ ಆರು ಐವತ್ತೆರಡಕ್ಕೆ ಮುಳುಗುವ ಈ ಬೇಸಿಗೆಯಲ್ಲಿ ತಾವು ಗಂಭೀರವಾಗಿ ‘ಆರು’ ಎಂದು ಅಪ್ಪಣೆ ಕೊಡಿಸಿದಿರಿ. ತಮಗೆ ಪೂರ್ಣಾಂಕಗಳಷ್ಟೇ ಗೊತ್ತು, ಉಳಿದ ಚೂರನ್ನು ಸದ್ದಿಲ್ಲದೆ ಕೈಬಿಡುತ್ತೀರಿ, ದಶಾಂಶ ಬಲ್ಲ ತಮ್ಮ ಅಣ್ಣನವರ ಬೆಲೆ ಬೇರೆ ಎಂಬುದೆಲ್ಲ ತಮ್ಮ ಫ್ಲಾಪಿ ಬಂದ ಡಬ್ಬಿಯ ತಳದಲ್ಲಿ ಇರುವೆಯಷ್ಟು ಅಕ್ಷರಗಳಲ್ಲಿ ಇತ್ತಂತೆ.

ಅಡುಗೆಮನೆ ಆಳುವ, ಕಾಕಾರ ತಾಯಿ ಶಾಲನಜ್ಜಿ ತಮ್ಮ ಮಾತನ್ನು ಒಡನೆಯೇ ಒಪ್ಪಿದರು. ಆರಕ್ಕೆ ಪಾತ್ರೆಗಳು ಬೋರಲು. ಆರೂವರೆಗೆ ಬರುವ ಕಾಕಾ, “ಯವ್ವಾ, ಗ್ವಾಡಿ ಮ್ಯಾಲ ಇನ್ನೂ ಬಿಸಲ ಐತಲಾ” ಎಂದರೆ, “ನಿನ್ನ ಕಂಪ್ಯೂಟರ ಮುಳಗೇತಿ ಅಂದೈತಿ, ಅದನ್ನ ತಂದಾಂವ ನೀನಽ” ಎಂಬ ಉತ್ತರ. ಈಗ ಕಾಕಾರ ಷರತ್ತೇ ಬದಲಾಗಿದೆ: “ಮೊದಲ ನನ್ನ ಊಟ ತಿರಗಿ ಕೊಡಸು, ಆಮ್ಯಾಲ ಅಂಗಡಿ.”

ಗೆಳೆಯ ಅಜಿಂಕ್ಯ, “ಒಂದ ಕೂಡಿಸಿ ಏಳ ಮಾಡಲೇ, ಯಾಂವ ನೋಡ್ತಾನ” ಎಂದ. ಹಾಗೆ ಮಾಡಿದರೆ ಅಜ್ಜಿಯ ಜನ್ಮದ ನೇಮ ಎಂಟು ನಿಮಿಷಕ್ಕಾಗಿ ಮುರಿದೀತು. ಗಣಿತದಲ್ಲಿ ನನ್ನ ಮೂವತ್ತನಾಲ್ಕನ್ನು ಮೂವತ್ತೈದು ಮಾಡಿ ಪಾಸು ಮಾಡಲು ಬಂದ ಮಾಸ್ತರರಿಗೇ ಬೇಡವೆಂದವನು ನಾನು. ಇದ್ದದ್ದಕ್ಕಿಂತ ಹೆಚ್ಚು ಹೇಳದ ವಿಷಯದಲ್ಲಿ ತಾವೂ ನಾನೂ ಒಂದೇ ಬಳಗ.

ಆದಕಾರಣ ವಿನಂತಿ: ಒಂದೋ ಸೂರ್ಯನೊಂದಿಗೆ ಮಾತಾಡಿ ಆತ ಪೂರ್ಣಾಂಕದಲ್ಲೇ ಮುಳುಗುವಂತೆ ಒಪ್ಪಿಸಬೇಕು, ಇಲ್ಲವೇ ತಾವೇ ಫ್ಲಾಪಿಯಿಂದಿಳಿದು ಬಂದು ಅಜ್ಜಿಗೆ ತಿಳಿಹೇಳಬೇಕು.

ಚೂರೂ ಕಡಿತವಿಲ್ಲದೆ,
ತಮ್ಮ ವಿಶ್ವಾಸಿ
ಸಮ್ಮೇದ

ತಾ.ಕ.: ಪತ್ರ ಮುಗಿಸಿದ ಮೇಲೆ ಹೊಳೆದು, ಗಂಟೆಗಳನ್ನು ಬಿಟ್ಟು ಎಲ್ಲವನ್ನೂ ನಿಮಿಷಗಳಲ್ಲೇ ಕೇಳಿದೆ. ತಾವು ಕಿಂಚಿತ್ತೂ ನಾಚದೆ ಮಧ್ಯಾಹ್ನದಿಂದ ನಾನೂರ ಹನ್ನೆರಡು ನಿಮಿಷ, ಅಂದರೆ ಆರು ಐವತ್ತೆರಡು, ಎಂದಿರಿ. ಅಜ್ಜಿ ಒಪ್ಪಲಿಲ್ಲ: “ಆರಕ್ಕ ಉಂಡ್ರ ಹೊಟ್ಟಿ ಭಾಳ ಹಗರ ಇರತೈತಿ, ಅದನ್ನ ಮುಟ್ಟಬ್ಯಾಡ.” ಸೋತ ಕಾಕಾ ಈಗ ಆರಕ್ಕೆ ಮುನ್ನವೇ ಮನೆಗೆ ಊಟಕ್ಕೆ ಬರುತ್ತಾರೆ. ಗಿರಾಕಿಗಳ ಆ ಹೊತ್ತಿನಲ್ಲಿ ಅಂಗಡಿಯಲ್ಲಿ ಕೂರುವ ಕೆಲಸ ನನಗೆ ಸಿಕ್ಕಿದೆ. ಗೋಡೆಯ ಬಿಸಿಲು ನೋಡುತ್ತ ಬರಿಹೊಟ್ಟೆಯಲ್ಲಿರುವ ಕೆಲಸವೂ.