ಡಿಸೆಂಬರಿನಲ್ಲಿ ಮನೆಯಲ್ಲಿ ಇಲ್ಲದಿರುವ ಉಪಾಯ

ನಮ್ಮ ಬಳಗದಲ್ಲಿ ಈಗಾಗಲೇ ಒಂದು ಕಥೆ ಓಡಾಡುತ್ತಿದೆ. ಧಾರವಾಡದ ನಮ್ಮ ದೊಡ್ಡಪ್ಪ ಈ ಚಳಿಗಾಲದಲ್ಲಿ ತನ್ನ ಸಂಸಾರದ ಜೊತೆಗೆ ತಮ್ಮಂದಿರ ಸಂಸಾರವನ್ನೂ ಕಟ್ಟಿಕೊಂಡು ದಿಲ್ಲಿ ತೋರಿಸಲು ಹೊರಟಿದ್ದಾನೆ, ಎಂಥ ದೊಡ್ಡ ಮನಸ್ಸು ಅವನದು, ಎಂಬುದು ಆ ಕಥೆ. ಬೆಳಗಾವಿಯ ಅತ್ತೆ ಹೀಗೆ ಹೇಳುತ್ತಾಳೆ, ಹುಬ್ಬಳ್ಳಿಯ ಕಾಕಾ ಹೀಗೆ ಹೇಳುತ್ತಾನೆ, ದೊಡ್ಡಪ್ಪನಂತೂ ಯಾರೂ ಕೇಳುವ ಮೊದಲೇ ಹೀಗೆ ಹೇಳುತ್ತಾನೆ. ಮೂವರು ಒಂದೇ ಮಾತು ಹೇಳಿದ ಮಾತ್ರಕ್ಕೆ ಅದು ನಿಜವಾಗುವುದಿಲ್ಲ. ಆ ಮೂವರು ಒಬ್ಬರಿಗೊಬ್ಬರು ಫೋನ್ ಮಾಡಿದ್ದಾರೆ ಎಂದಷ್ಟೇ ತಿಳಿಯುತ್ತದೆ. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಪರವಾಗಿ ಮಾತಾಡು ಎಂದರೆ ಪರ, ವಿರೋಧವಾಗಿ ಎಂದರೆ ವಿರೋಧ, ಏನೂ ಹೇಳದಿದ್ದರೆ ಎದುರಿಗೆ ಕೂತವರ ವಿರೋಧ. ಗೆದ್ದು ತಂದ ಕಪ್ಪುಗಳಲ್ಲೊಂದರಲ್ಲಿ ಅವ್ವ ಬಟ್ಟೆಗೆ ಹಾಕುವ ಕ್ಲಿಪ್ಪುಗಳನ್ನು ತುಂಬಿಟ್ಟಿದ್ದಾಳೆ ಎನ್ನುವುದು ಬೇರೆ ವಿಷಯ. ನಾಳೆ ಮಧ್ಯಾಹ್ನ ನಮ್ಮ ಗಾಡಿ ಹೊರಡುತ್ತದೆ. ಚೀಲ ಬಾಗಿಲ ಬಳಿ ಇದೆ. ನಾನು ಕೂರುತ್ತೇನೆ, ಏಳುತ್ತೇನೆ, ಚೀಲದ ಝಿಪ್ಪು ತೆಗೆಯುತ್ತೇನೆ, ಹಾಕುತ್ತೇನೆ. ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ನಿಜ ಏನೆಂದು ಬರೆದಾದರೂ ಬಿಡೋಣವೆಂದು ಕೂತಿದ್ದೇನೆ.

ನಾವಿರುವುದು ಗೋವಾದಲ್ಲಿ, ದಾಬೋಲಿಮ್ ವಿಮಾನ ನಿಲ್ದಾಣದ ಹಿಂದಿನ ಓಣಿಯಲ್ಲಿ. ಅಪ್ಪ ಬಂದರಿನ ಕಡೆ ಒಂದು ಕಚೇರಿಯಲ್ಲಿ ಗುಮಾಸ್ತ. ಮನೆಯ ಮೇಲೆ ವಿಮಾನ ಹಾಯುವಾಗ ಎಲ್ಲರೂ ಮಾತು ನಿಲ್ಲಿಸಬೇಕಾಗುತ್ತದೆ. ನನ್ನನ್ನು ಸುಮ್ಮನಿರಿಸಬಲ್ಲ ಶಕ್ತಿ ಜಗತ್ತಿನಲ್ಲಿ ಅದೊಂದೇ ಎಂದು ಅಪ್ಪನ ನಂಬಿಕೆ. ಗೋವಾದಲ್ಲಿ ಮನೆ ಇದೆಯೆಂದರೆ ಕೇಳಿದವರೆಲ್ಲ "ನಿಮಗೇನ್ರಿ, ವರ್ಷಪೂರ್ತಿ ಸೂಟಿ" ಎನ್ನುತ್ತಾರೆ. ಇದು ಎಷ್ಟು ಸುಳ್ಳೆಂದು ತಿಳಿಯಲು ಡಿಸೆಂಬರಿನಲ್ಲಿ ನಮ್ಮ ಅಡುಗೆಮನೆಗೆ ಬರಬೇಕು. ಅಪ್ಪನ ಕಡೆಯವರು, ಅವರ ಬೀಗರು, ಬೀಗರ ಓಣಿಯವರು, ಎಲ್ಲರೂ ಗೋವಾ ನೋಡುವುದು ನಮ್ಮ ಮನೆಯಲ್ಲಿ ಮಲಗಿ. ಬೆಳಗ್ಗೆ ಅವಲಕ್ಕಿ ತಿಂದು, ಮಧ್ಯಾಹ್ನಕ್ಕೆ ಚಪಾತಿ ಕಟ್ಟಿಸಿಕೊಂಡು ಹೋಗುತ್ತಾರೆ. ಸಂಜೆ ಬಂದು, ಬಿಸಿ ಅನ್ನ ಉಣ್ಣುತ್ತ, ಗೋವಾ ಹೇಗಿದೆಯೆಂದು ಅವ್ವನಿಗೆ ವರ್ಣಿಸುತ್ತಾರೆ. ಮದುವೆಯಾದಾಗಿನಿಂದ ಇಲ್ಲೇ ಇರುವವಳಿಗೆ ನಿನ್ನೆ ಬಂದವರು ಊರಿನ ಸುದ್ದಿ ಹೇಳುತ್ತಾರೆ. ಅವರ ಕಾಲಿಗೆ ಅಂಟಿಕೊಂಡು ಬಂದ ಉಸುಕನ್ನು ಬಾಗಿಲಲ್ಲಿ ಗುಡಿಸುವಾಗ ಅವ್ವನಿಗೆ ಆಗುವುದೇ ಸಮುದ್ರದ ದರ್ಶನ.

ಈ ವರ್ಷ ಗಣಪತಿ ಹಬ್ಬ ಮುಗಿದ ವಾರ ಅವ್ವ ಪಾತ್ರೆ ಒರೆಸುತ್ತ ಒಂದು ಮಾತು ಹೇಳಿದಳು. "ಈ ಸಲ ಡಿಸೆಂಬರ್‌ದಾಗ ನಾ ಅಡಗಿ ಮಾಡೂದಿಲ್ಲ." ಸಿಟ್ಟಿಲ್ಲ, ಅಳುವಿಲ್ಲ, ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದು ಹೇಳುವ ಧಾಟಿ. ಅಪ್ಪ ಗಾಬರಿಯಾದ. ಆಮೇಲೆ ಅಪ್ಪನೂ ನಾನೂ ಕೂತು ಚರ್ಚೆ ಮಾಡಿದೆವು. ಅಡುಗೆ ಮಾಡದಿರಬೇಕಾದರೆ ನೆಂಟರು ಬರಬಾರದು. ನೆಂಟರು ಬರಬಾರದೆಂದರೆ ಬರಬೇಡಿರೆಂದು ಹೇಳಬೇಕು. ನಮ್ಮ ಬಳಗದಲ್ಲಿ ಆ ಮಾತನ್ನು ಇದುವರೆಗೆ ಯಾರೂ ಯಾರಿಗೂ ಹೇಳಿಲ್ಲ. ಹೋಗುವಾಗಲೂ ಹೋಗುತ್ತೇನೆ ಎನ್ನದೆ ಬರುತ್ತೇನೆ ಎನ್ನುವ ಜನ ನಾವು. ಹಾಗಾದರೆ ಉಳಿದ ದಾರಿ ಒಂದೇ, ನಾವೇ ಮನೆಯಲ್ಲಿ ಇರಬಾರದು. ವಾಸ್ಕೊದಿಂದ ಹೊರಡುವ ಗಾಡಿಗಳಲ್ಲಿ ಅತಿ ದೂರ ಹೋಗುವುದು ಯಾವುದೆಂದು ಅಪ್ಪ ಯೋಚಿಸಿದ. ದಿಲ್ಲಿ ನಿಶ್ಚಯವಾದದ್ದು ಹೀಗೆ. ಅದರಲ್ಲಿ ಕೆಂಪು ಕೋಟೆಯ ಪಾತ್ರ ಏನೂ ಇಲ್ಲ.

ನನಗೆ ಮೊದಲ ದಿನದಿಂದಲೇ ಅನುಮಾನ. ದಿಲ್ಲಿಯವರೇ ದಿಲ್ಲಿ ಬಿಟ್ಟು ನಮ್ಮೂರಿಗೆ ಓಡಿ ಬರುವ ತಿಂಗಳಲ್ಲಿ ನಾವು ಅಲ್ಲಿಗೆ ಹೋಗುವುದು ಯಾವ ನ್ಯಾಯ? ಪಕ್ಕದ ಮನೆಯ ಪಿಯೆದಾದ್‌ಬಾಯಿಯೂ ಅದನ್ನೇ ಕೇಳಿದಳು. "ದಿಲ್ಲೆಂತ್ ಕಿತೆಂ ಆಸಾ ಗೋ? ಸಗ್ಳಿ ದಿಲ್ಲಿ ಹಾಂಗಾ ಆಯ್ಲ್ಯಾ." ದಿಲ್ಲಿಯೇ ಎದ್ದು ಇಲ್ಲಿಗೆ ಬಂದಿರುವಾಗ ಅಲ್ಲಿ ಉಳಿದಿರುವುದೇನು ಎಂದು ಅವಳ ತಕರಾರು. ಅಪ್ಪನ ಕಚೇರಿಯಲ್ಲಿ ಒಬ್ಬರಿದ್ದಾರೆ, ಯಾವುದೋ ಕಾಲದಲ್ಲಿ ಒಂದು ಫೈಲು ಹಿಡಿದುಕೊಂಡು ದಿಲ್ಲಿಗೆ ಹೋಗಿ ಮಾರನೇ ದಿನ ವಾಪಸು ಬಂದವರು. ಅಂದಿನಿಂದ ಕಚೇರಿಯಲ್ಲಿ ದಿಲ್ಲಿ ಅವರ ಸ್ವಂತ ಆಸ್ತಿ. ಅವರು ಅಪ್ಪನಿಗೆ ಹೇಳಿದರಂತೆ, ಅಲ್ಲಿ ಮಂಜು ಬಿದ್ದರೆ ಮಧ್ಯಾಹ್ನವೂ ಚಾಚಿದ ಕೈ ಕಾಣುವುದಿಲ್ಲ ಎಂದು. "ಹಂಗಾರ ನೋಡಾಕ ಅಂತ ಯಾಕ ಹೋಗೂದು?" ಎಂದೆ. "ಕೈ ಕಾಣೂದಿಲ್ಲ ಅಂದ್ರ ಮಿನಾರು ಕಾಣತೈತೇನು?" ಅಪ್ಪ ಯೋಚಿಸಿ, "ಮಿನಾರು ಕೈಗಿಂತ ದೊಡ್ಡದಿರ್ತೈತಿ" ಎಂದ. ಇಂಥ ವಾದಕ್ಕೆ ಉತ್ತರ ಕೊಡಲು ನನಗೆ ಯಾರೂ ಕಲಿಸಿಲ್ಲ.

ಆಮೇಲೆ ಸ್ವೆಟರಿನ ಪ್ರಶ್ನೆ. ನಮ್ಮ ಬದಿಯ ಅಂಗಡಿಯಲ್ಲಿ ಸ್ವೆಟರ್ ಕೇಳಿದಾಗ ಅಂಗಡಿಯವನು ಒಳಗೆ ಹೋಗಿ, ಬಹಳ ಹೊತ್ತು ಹುಡುಕಿ, ಮಳೆಗಾಲದ ರೇನ್‌ಕೋಟು ತಂದ. ಕಡೆಗೆ ಪಿಯೆದಾದ್‌ಬಾಯಿಯ ಗಂಡ ಹಡಗಿನಲ್ಲಿ ಕೆಲಸಕ್ಕಿದ್ದಾಗ ತಂದಿದ್ದ ಉಣ್ಣೆಯ ಕೋಟು ಸಿಕ್ಕಿತು. ಮೊದಲೇ ರೂಢಿಯಾಗಬೇಕೆಂದು ಅಪ್ಪ ಅದನ್ನು ಸಂಜೆ ಸಂಜೆ ತೊಟ್ಟು, ಫ್ಯಾನು ಪೂರ್ತಿ ತಿರುಗಿಸಿ, ಪಡಸಾಲೆಯಲ್ಲಿ ಅಡ್ಡಾಡತೊಡಗಿದ. ಬೆವರಿನಿಂದ ಅವನ ಮುಖ ಥಳಥಳ ಹೊಳೆಯುತ್ತಿತ್ತು. "ಹೆಂಗನಸ್ತೈತಿ?" ಎಂದು ಕೇಳಿದೆ. "ಥಂಡಿ ಏನೂ ಅನ್ನಸವಲ್ದು" ಎಂದ, ಬಹಳ ಸಮಾಧಾನದಿಂದ.

ಇಷ್ಟಾದರೂ ದೊಡ್ಡಪ್ಪನಿಗೆ ಸುದ್ದಿ ಮುಟ್ಟಿಸುವುದು ಬಾಕಿಯಿತ್ತು. ನಾವು ಡಿಸೆಂಬರಿನಲ್ಲಿ ಇರುವುದಿಲ್ಲ ಎಂದು ತಿಳಿಸಬೇಕು, ಆದರೆ ಬರಬೇಡಿ ಎಂಬ ಅರ್ಥ ಹೊರಡಬಾರದು. ಅಪ್ಪ ಮೂರು ಸಲ ನಂಬರು ತಿರುಗಿಸಿದ, ಆ ಕಡೆ ಗಂಟೆ ಬಾರಿಸುವ ಮೊದಲೇ ಇಟ್ಟುಬಿಟ್ಟ. ಆಗ ಅವ್ವ ಅಡುಗೆಮನೆಯಿಂದ, "ಅಕಿ ಮಾತಾಡ್ಲಿ. ಅಕಿ ಮಾತು ಭಾವಾರಿಗೆ ಹಿಡಸ್ತೈತಿ" ಎಂದಳು. ಹೊಗಳಿಕೆ ನಮ್ಮ ಮನೆಯಲ್ಲಿ ಅಪರೂಪ. ನಾನು ಬೆನ್ನು ನೆಟ್ಟಗೆ ಮಾಡಿ ಕೂತು ಫೋನು ತೆಗೆದುಕೊಂಡೆ.

"ದೊಡ್ಡಪ್ಪಾರ, ಈ ಸಲ ಡಿಸೆಂಬರ್‌ದಾಗ ನಾವು ದಿಲ್ಲಿಗೆ ಹೊಂಟೀವ್ರಿ."

"ದಿಲ್ಲಿಗೆ? ಯಾರಿಗೆ ಆರಾಮಿಲ್ಲ?"

"ಎಲ್ಲಾರೂ ಆರಾಮ ಅದಾರ್ರಿ. ನೋಡಾಕ ಹೊಂಟೀವಿ. ಕೋಟಿ, ಮಿನಾರು, ರಾಷ್ಟ್ರಪತಿ ಇರೂ ಮನಿ."

"ಕೋಟಿ ಬೆಳಗಾವ್ಯಾಗ ಇಲ್ಲೇನು? ಮಿನಾರು ಬೇಕಂದ್ರ ವಿಜಾಪುರಕ್ಕ ಹೋಗು, ಗೋಲಗುಮ್ಮಟಾನೂ ಆಗ್ತೈತಿ. ಇನ್ನ ರಾಷ್ಟ್ರಪತಿ, ಅವರ ಮನಿ ನೋಡಿ ನೀ ಏನ್ ಮಾಡಾಕಿ? ಅವರು ನಿಮ್ಮ ಮನಿ ನೋಡಾಕ ಬಂದಿದ್ರೇನು?"

ಎದುರಾಳಿಯ ಬಲವಾದ ವಾದವನ್ನೇ ಮೊದಲು ಹಿಡಿಯಬೇಕು ಎಂದು ನಮಗೆ ಕಲಿಸಿದ್ದಾರೆ. ಬೆಳಗಾವಿಯ ಕೋಟೆಯ ಒಳಗೆ ನೀವು ಹೋದದ್ದು ಯಾವಾಗ ಎಂದು ಕೇಳಿದೆ. "ಸಣ್ಣಂವ ಇದ್ದಾಗ ಹೊರಗಿಂದ ನೋಡೇನಿ" ಎಂಬ ಉತ್ತರ ಬಂತು. ನಾನು ಬಿಡಲಿಲ್ಲ. ಹತ್ತಿರ ಇದ್ದದ್ದನ್ನು ಯಾರೂ ನೋಡುವುದಿಲ್ಲ, ನಾಳೆ ನೋಡಿದರಾಯಿತು ಎಂದು ಬಿಡುತ್ತಾರೆ, ಆ ನಾಳೆ ಬರುವುದೇ ಇಲ್ಲ, ಅದಕ್ಕೇ ಮನುಷ್ಯ ದೂರ ಹೋಗಬೇಕು ಎಂದೆ. ಇಡೀ ದೇಶವನ್ನು ಆಳಿದವರೆಲ್ಲ ನಡೆದಾಡಿದ ಊರನ್ನು ಕಾಣದೆ ಕಣ್ಣು ಮುಚ್ಚಿದರೆ ಕಣ್ಣು ಇದ್ದೂ ಏನು ಪ್ರಯೋಜನ ಎಂದೆ. ಚಳಿಯ ಬಗ್ಗೆ ಹೇಳಿದ್ದು ನನಗೇ ಆಶ್ಚರ್ಯ ತರುವಷ್ಟು ಚೆನ್ನಾಗಿತ್ತು. ಹಿಂದಿನ ವಾರ ಅಪ್ಪನ ಮುಂದೆ ನಾನೇ ತೆಗೆದಿದ್ದ ಆಕ್ಷೇಪಗಳನ್ನೆಲ್ಲ ಒಂದೊಂದಾಗಿ ಹಿಡಿದು ಕತ್ತು ಹಿಸುಕಿದೆ. ಅಪ್ಪ ಪಕ್ಕದಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದ. ಅವನು ಹುರಿದುಂಬಿಸುತ್ತಿದ್ದಾನೆ ಎಂದುಕೊಂಡೆ. ಸಾಕು ಮಾಡು ಎನ್ನುತ್ತಿದ್ದನೆಂದು ಆಮೇಲೆ ಗೊತ್ತಾಯಿತು.

"ಖರೇ ಐತಿ ನೋಡವಾ" ಎಂದ ದೊಡ್ಡಪ್ಪ. ದನಿ ಮೆತ್ತಗಾಗಿತ್ತು. "ಅರವತ್ತು ದಾಟೀತು, ನಾ ಇನ್ನೂ ದಿಲ್ಲಿ ನೋಡಿಲ್ಲ. ಇಷ್ಟು ದಿನಾ ಯಾರೂ ನನಗ ಹಿಂಗ ಬಿಡಿಸಿ ಹೇಳಿದ್ದಿಲ್ಲ. ಹಂಗಾರ ನಾವೂ ಬರ್ತೀವಿ. ಹುಬ್ಬಳ್ಳಿಯವರಿಗೂ ಹೇಳ್ತೇನಿ. ಲೋಂಡಾದಾಗ ಹತ್ತತೀವಿ, ನಿಮ್ಮಪ್ಪಗ ಹೇಳು, ಎಲ್ಲಾರದೂ ಒಂದ ಡಬ್ಯಾಗ ಇರ್ಲಿ."

ಇಷ್ಟು ವರ್ಷ ವೇದಿಕೆಯ ಮೇಲೆ ನಿಂತು ಮಾತಾಡಿದ್ದೇನೆ. ಚಪ್ಪಾಳೆ ತಟ್ಟಿದ್ದಾರೆ, ಬಹುಮಾನ ಕೊಟ್ಟಿದ್ದಾರೆ, ಆದರೆ ನನ್ನ ಮಾತು ಕೇಳಿ ಒಬ್ಬ ಮನುಷ್ಯ ನಿಜವಾಗಿ ಅಭಿಪ್ರಾಯ ಬದಲಿಸಿದ್ದು ಅದೇ ಮೊದಲು. ಸಂತೋಷಪಡಲು ಪುರುಸೊತ್ತು ಸಿಗಲಿಲ್ಲ. ಎರಡು ದಿನ ಬಿಟ್ಟು ದೊಡ್ಡವ್ವನ ಫೋನು ಬಂತು. "ನಿಮ್ಮ ದೊಡ್ಡಪ್ಪಗ ಗಾಡ್ಯಾಗಿನ ಊಟ ಹಿಡಸೂದಿಲ್ಲ. ನಿಮ್ಮವ್ವಗ ಹೇಳು, ದಿಲ್ಲಿ ಮುಟ್ಟೂತನಕ ಆಗೂವಷ್ಟು ರೊಟ್ಟಿ, ಶೇಂಗಾ ಚಟ್ನಿ, ಒಂದಿಷ್ಟು ಹೋಳಿಗಿ. ಮತ್ತ ಅಲ್ಲಿ ಇಳಕೊಳ್ಳೂ ಛತ್ರದಾಗ ಗ್ಯಾಸ್ ಐತೇನು ಕೇಳಿಸು. ಹೆಂಗೂ ನಿಮ್ಮವ್ವ ಇರ್ತಾಳ, ಒಂದು ಅನ್ನ ಸಾರು ಆದ್ರ ಸಾಕು, ಭಾಳ ಏನ್ ಬ್ಯಾಡ." ಅಂದರೆ ನಮ್ಮ ಅಡುಗೆಮನೆ ಎದ್ದು ದಿಲ್ಲಿಗೆ ಹೊರಟಿತ್ತು. ನಾನು ಅದನ್ನು ಅವ್ವನಿಗೆ ಹೇಳಿದಾಗ ಅವಳು "ಹೂಂ" ಎಂದಳು. ಮುಂದೆ ಎರಡು ತಿಂಗಳು ಪ್ರತಿ ಸಲವೂ ಅಷ್ಟೇ, ಹೂಂ. ನಾನು ಮೂರು ರೀತಿಯ ಸಮರ್ಥನೆ ಸಿದ್ಧಮಾಡಿಕೊಂಡು ಓಡಾಡಿದೆ. ಆರೋಪವೇ ಬರದಿದ್ದರೆ ಸಮರ್ಥನೆ ಯಾರ ಮುಂದೆ ಒಪ್ಪಿಸುವುದು? ಬೈದಿದ್ದರೆ ಚೆನ್ನಾಗಿತ್ತು. ನನ್ನ ಈ ಚಡಪಡಿಕೆ ಶುರುವಾದದ್ದು ಆಗಲೇ.

ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತಾಗ, ಅಪ್ಪನ ತಟ್ಟೆಗೆ ಪಲ್ಯ ಬಡಿಸುತ್ತ ಅವ್ವ, "ನಾ ಬರೂದಿಲ್ಲ" ಎಂದಳು.

"ಎಲ್ಲಿಗೆ?" ಎಂದ ಅಪ್ಪ.

"ದಿಲ್ಲಿಗೆ."

"ಯಾಕ, ಆರಾಮಿಲ್ಲೇನು?"

"ಆರಾಮ ಅದೇನಿ. ಇನ್ನೂ ಸ್ವಲ್ಪ ಆರಾಮ ಇರಬೇಕಂತ ಮಾಡೇನಿ."

ನಾನು ವಾದಕ್ಕಿಳಿದೆ. ದಿಲ್ಲಿಗೆ ಹೋಗುವ ಮಾತು ಎತ್ತಿದವಳೇ ನೀನಲ್ಲವೇ ಎಂದೆ. "ಅಡಗಿ ಮಾಡೂದಿಲ್ಲ ಅಂದಿದ್ದೆ. ದಿಲ್ಲಿ ಅಂದವರು ನೀವು" ಎಂದಳು. ರೊಟ್ಟಿಯ ಗತಿಯೇನು ಎಂದೆ. "ಅಕ್ಕಾರಿಗೆ ನಿನ್ನೆ ಫೋನ್ ಮಾಡಿ ಹೇಳೇನಿ. ಖಡಕ್ ರೊಟ್ಟಿ ಧಾರವಾಡದಾಗ ಅಂಗಡ್ಯಾಗ ಸಿಗ್ತಾವ, ತಗೊಂಡು ಬರ್ತಾರ." ದೊಡ್ಡವ್ವ ಏನಂದಳು? "ಏನಂತಾರ? ಹೂಂ ಅಂದ್ರು." ಅಪ್ಪ ಮೂರು ಸಲ ನಂಬರು ತಿರುಗಿಸಿ ಇಟ್ಟ ಫೋನು ಅದು. ನನಗೆ ಉಳಿದಿದ್ದು ಒಂದೇ ವಾದ.

"ಎಲ್ಲಾರೂ ಅಲ್ಲಿ ಇದ್ದಾಗ ನೀ ಒಬ್ಬಾಕಿ ಮನ್ಯಾಗ ಏನ್ ಮಾಡ್ತಿ?"

"ಮನ್ಯಾಗ ಯಾರು ಇರ್ತಾರ?" ಎಂದಳು ಅವ್ವ. "ಪಿಯೆದಾದ್‌ಬಾಯಿ ಬರ್ತೀನಿ ಅಂದಾಳ. ಹಳೇ ಗೋವಾಕ್ಕ ಹೋಗಿ ಚರ್ಚ್ ನೋಡ್ತೇವಿ. ಪಣಜಿಯೊಳಗ ಆ ಹೊಳಿ ದೋಣಿ, ಹಾಡು ಕುಣತ ಇರ್ತೈತಂತಲ್ಲ, ನಿಮ್ಮ ದೊಡ್ಡವ್ವ ಪ್ರತಿ ವರ್ಷ ಹೇಳ್ತಾರ, ಅದರಾಗ ಕೂಡ್ತೇವಿ." ಪಲ್ಯದ ಪಾತ್ರೆ ಕೆಳಗಿಟ್ಟು, ಈ ಮನೆಯಲ್ಲಿ ಅದುವರೆಗೆ ನಾನು ಕೇಳಿರದ ಸಣ್ಣ ದನಿಯಲ್ಲಿ ಕೇಳಿದಳು: "ಬೋಗ್ಮಾಳೊದಾಗ ಉಸುಕಿನ ಮ್ಯಾಲೆ ಕುರ್ಚಿ ಹಾಕಿರ್ತಾರಂತ. ಅಲ್ಲಿ ಸುಮ್ಮ ಕುಂತರ ಯಾರರೆ ಬಂದು ಚಹಾ ತಂದು ಕೊಡ್ತಾರಂತ. ಖರೇನ?"

ಬೋಗ್ಮಾಳೊ ಸಮುದ್ರದಂಡೆ ನಮ್ಮ ಮನೆಯಿಂದ ರಿಕ್ಷಾದಲ್ಲಿ ಹೋದರೆ ಒಂದು ಹಾಡು ಮುಗಿಯುವಷ್ಟು ದೂರ. ನಾನು ಗೆಳತಿಯರ ಜೊತೆ ಎಷ್ಟು ಸಲ ಹೋಗಿ ಕೂತಿದ್ದೇನೋ. "ಖರೇ" ಎಂದೆ. ಅಲ್ಲಿಗೆ ನನ್ನ ವಾದ ಮುಗಿಯಿತು.

ಹೀಗೆ ನಾಳೆ ನಾನು, ಅಪ್ಪ ಮತ್ತು ಅಪ್ಪನ ಕೋಟು ಗಾಡಿ ಹತ್ತುತ್ತೇವೆ. ಲೋಂಡಾದಲ್ಲಿ ಉಳಿದ ದಿಬ್ಬಣ ಸೇರಿಕೊಳ್ಳುತ್ತದೆ. ದೊಡ್ಡಪ್ಪನ ಮಾತ್ರೆ ಯಾವ ಹೊತ್ತಿಗೆ ಯಾವುದು ಎಂದು ನನಗೆ ಈಗಾಗಲೇ ಒಪ್ಪಿಸಲಾಗಿದೆ. ನಿನ್ನೆ ದೊಡ್ಡವ್ವ ಮತ್ತೆ ಫೋನು ಮಾಡಿ ನನಗೆ ಸಾರು ಮಾಡಲು ಬರುತ್ತದೆಯೇ ಎಂದು ವಿಚಾರಿಸಿದಳು. ಬರುವುದಿಲ್ಲ ಎಂಬುದರ ಪರವಾಗಿ ಬಹಳ ಹೊತ್ತು ಮಾತಾಡಿದೆ. ಅವಳು ಪೂರ್ತಿ ಕೇಳಿ, "ಕಲಿತಿ ಬಿಡು, ಶಾಣ್ಯಾಕಿ ಇದ್ದಿ" ಎಂದು ಇಟ್ಟುಬಿಟ್ಟಳು. ಮುಂಜಾನೆಯಿಂದ ನಾನು ಬಾಗಿಲಿಗೂ ಚೀಲಕ್ಕೂ ಎಡತಾಕುತ್ತಿದ್ದೇನೆ. ಅವ್ವ ನೆಲದ ಮೇಲೆ ಕೂತು ನನ್ನ ಬಟ್ಟೆಗಳನ್ನು ತಾನೇ ಮಡಚಿ ಇಡುತ್ತಿದ್ದಾಳೆ, ತುಸು ಹೆಚ್ಚೇ ಪ್ರೀತಿಯಿಂದ. ಅವಳ ಎದುರು ಹೋಗಿ ಕುಕ್ಕರಗಾಲಲ್ಲಿ ಕೂತೆ. ಅವಳು ಮಡಚುತ್ತಲೇ ಇದ್ದಳು. ಕೇಳಿಯೇಬಿಟ್ಟೆ.

"ಅವ್ವಾ, ಅವತ್ತ ಅಪ್ಪನ್ನ ಬಿಟ್ಟು ನನ್ನ ಕೈಯಾಗ ಫೋನ್ ಕೊಡಿಸಿದಿ ನೋಡು, ನಾ ಮಾತಾಡಿದ್ರ ದೊಡ್ಡಪ್ಪ ಎಲ್ಲಾರನ್ನೂ ಕಟಗೊಂಡು ದಿಲ್ಲಿಗೇ ಹೊಂಡತಾನ ಅನ್ನೂದು ನಿನಗ ಮೊದಲ ಗೊತ್ತಿತ್ತೇನು?"